ಆ ಮೂವತ್ತರ ಗೆರೆಯನ್ನು ಅಳಿಸಿ

ಬೆಂಗಳೂರಿನಲ್ಲಿ ಈಗ ಯಾವ ಕಾಯಿಲೆಯೂ ಇಲ್ಲದವರ ಮನೆಬಾಗಿಲಿಗೂ ಸೂಜಿ ಬರುತ್ತದೆ. ಮೊಬೈಲಿನಲ್ಲಿ ಬುಕ್ ಮಾಡಿದರೆ ಸಾಕು, ಬೆಳಿಗ್ಗೆ ಏಳಕ್ಕೆಲ್ಲ ಹುಡುಗನೊಬ್ಬ ಬಂದು ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದುಕೊಂಡು ಹೋಗುತ್ತಾನೆ. ಮಾರನೆಯ ದಿನದೊಳಗೆ ಹತ್ತಾರು ಪುಟಗಳ ವರದಿ ವಾಟ್ಸ್‌ಆ್ಯಪ್‌ಗೆ ಬಂದಿರುತ್ತದೆ. ‘ಫುಲ್ ಬಾಡಿ ಚೆಕಪ್’ ಎಂಬ ಈ ಪ್ಯಾಕೇಜುಗಳಲ್ಲಿ ಸಕ್ಕರೆ, ಕೊಲೆಸ್ಟರಾಲ್, ಥೈರಾಯಿಡ್‌ಗಳ ಸಾಲಿನಲ್ಲಿ ವಿಟಮಿನ್ ಡಿ ಕೂಡ ಸೇರಿಕೊಂಡಿದೆ. ಬಿಡಿಯಾಗಿ ಮಾಡಿಸಿದರೆ ಹೆಚ್ಚಿನ ಲ್ಯಾಬುಗಳಲ್ಲಿ ಸಾವಿರಕ್ಕೂ ಮಿಕ್ಕಿ ಬೀಳುವ ಪರೀಕ್ಷೆ ಇದು. ಮೈ ಚೆನ್ನಾಗಿರುವ ವಯಸ್ಕರಿಗೆ ಇದರ ಅಗತ್ಯವಿಲ್ಲ. ಇದನ್ನು ಪ್ಯಾಕೇಜಿನಿಂದ ಕೈಬಿಡಬೇಕು, ಇದರ ಜೊತೆ ಅಚ್ಚಾಗಿ ಬರುವ ‘30’ರ ಗೆರೆಯನ್ನೂ ಅಳಿಸಬೇಕು ಎಂಬುದು ನನ್ನ ವಾದ.

ಪರಿಚಿತ ಶಿಕ್ಷಕಿಯೊಬ್ಬರು ತೋರಿಸಿದ ವರದಿಯೊಂದು ನನ್ನ ಮುಂದಿದೆ. ‘25-ಹೈಡ್ರಾಕ್ಸಿ ವಿಟಮಿನ್ ಡಿ’ ಎಂಬ ಸಾಲಿನ ಎದುರು 23.1 ಎಂದು ದಪ್ಪಕ್ಷರದಲ್ಲಿದೆ. ಪಕ್ಕದಲ್ಲಿ ‘ಕಡಿಮೆ’ ಎಂಬ ಗುರುತು. ಕೆಳಗೆ ಪುಟ್ಟ ಕೋಷ್ಟಕ: ಒಂದು ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ, 20ರಿಂದ 30 ‘ಸಾಲದು’, 30ರಿಂದ ಮೇಲೆ ‘ಸಾಕಷ್ಟು’. ಅವರಿಗೆ ಮೂಳೆ ನೋವಿಲ್ಲ, ಸ್ನಾಯುಗಳಲ್ಲಿ ನಿಶ್ಶಕ್ತಿಯಿಲ್ಲ. ಸಂಜೆ ಹೊತ್ತಿಗೆ ಸುಸ್ತಾಗುತ್ತದೆ ಅಷ್ಟೆ. ನಲವತ್ತು ದಾಟಿದ, ಮನೆ-ಶಾಲೆ ಎರಡನ್ನೂ ತೂಗಿಸುವ ಯಾವ ಹೆಂಗಸಿಗೆ ಸಂಜೆ ಸುಸ್ತಾಗುವುದಿಲ್ಲ? ಅದಕ್ಕೆ ಎಂಟು ವಾರ ವಾರಕ್ಕೊಂದರಂತೆ 60,000 ಐಯು (ಅಂತರರಾಷ್ಟ್ರೀಯ ಯೂನಿಟ್) ವಿಟಮಿನ್ ಡಿ ಪುಡಿಯ ಪ್ಯಾಕೆಟ್, ಆಮೇಲೆ ಮತ್ತೆ ಅದೇ ಪರೀಕ್ಷೆ. ಎರಡನೆಯ ಸಲ 41 ಬಂದಿತು. ಸುಸ್ತು ಹಾಗೇ ಇದೆ.

ಈ 20, 30ರ ಅಂಕಿಗಳು ಎಲ್ಲಿಂದ ಬಂದವು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2010ರ ಕೊನೆಯಲ್ಲಿ ಈ ವಿಷಯದ ಮೇಲೆ ದೊಡ್ಡ ವರದಿಯೊಂದನ್ನು ಹೊರತಂದಿತು. ಮೂಳೆಯ ಆರೋಗ್ಯಕ್ಕೆ ಸುಮಾರು ಅರ್ಧದಷ್ಟು ಜನರಿಗೆ 16 ಸಾಕು, 20 ಇದ್ದರೆ ನೂರಕ್ಕೆ 97ಕ್ಕೂ ಹೆಚ್ಚು ಜನರ ಅಗತ್ಯ ಪೂರೈಸುತ್ತದೆ ಎಂದಿತು. ಮದುವೆ ಮನೆಯ ಅಡುಗೆ ಭಟ್ಟರು ಅತಿ ಹೆಚ್ಚು ಉಣ್ಣುವವನನ್ನೂ ಲೆಕ್ಕಕ್ಕೆ ಹಿಡಿದೇ ಅಕ್ಕಿ ಅಳೆಯುತ್ತಾರೆ. ಆ ದೊಡ್ಡ ಊಟಗಾರನಷ್ಟು ತಿನ್ನದವರೆಲ್ಲ ಹಸಿದುಕೊಂಡು ಎದ್ದರು ಎಂದು ಯಾರೂ ಹೇಳುವುದಿಲ್ಲ. 20 ಎಂಬುದು ಅಂಥ ಅಂಕಿ. ಅದಕ್ಕಿಂತ ಕೆಳಗಿದ್ದ ಮಾತ್ರಕ್ಕೆ ಒಬ್ಬ ವ್ಯಕ್ತಿಗೆ ಕೊರತೆಯಿದೆ ಎನ್ನಲು ಬರುವುದಿಲ್ಲ. ಬಹುಪಾಲು ಜನರ ಅಗತ್ಯ ಅದರ ಒಳಗೇ ಪೂರೈಸಿರುತ್ತದೆ. ಆ ವರದಿ ಸಿದ್ಧಪಡಿಸಿದ ಸಮಿತಿಯಲ್ಲಿದ್ದ ಜೊಆನ್ ಮ್ಯಾನ್ಸನ್ ಮತ್ತು ಅವರ ಸಂಗಡಿಗರು 2016ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಈ ತಪ್ಪನ್ನೇ ಎತ್ತಿ ತೋರಿಸಿದರು: ನಮ್ಮ ಅಂಕಿಯನ್ನು ಎಲ್ಲರೂ ತಪ್ಪಾಗಿ ಓದುತ್ತಿದ್ದಾರೆ, ಕೊರತೆಯ ಮಹಾಪಿಡುಗು ಎಂದು ಹೇಳುವುದಕ್ಕೆ ಆಧಾರ ಈ ತಪ್ಪು ಓದು ಎಂಬುದು ಅವರ ವಾದದ ತಿರುಳು.

30ರ ಕಥೆ ಬೇರೆ. 2011ರಲ್ಲಿ ಎಂಡೋಕ್ರೈನ್ ಸೊಸೈಟಿ ಎಂಬ ಹಾರ್ಮೋನು ತಜ್ಞರ ಸಂಘ ತನ್ನದೇ ಮಾರ್ಗಸೂಚಿ ತಂದು ಗೆರೆಯನ್ನು 30ಕ್ಕೆ ಏರಿಸಿತು. ಆ ಸಮಿತಿಯ ಮುಖ್ಯಸ್ಥರು ಬಾಸ್ಟನ್ ವಿಶ್ವವಿದ್ಯಾಲಯದ ಮೈಕೆಲ್ ಹೊಲಿಕ್. ರಾತ್ರಿ ಬೆಳಗಾಗುವುದರೊಳಗೆ ಕೋಟ್ಯಂತರ ಆರೋಗ್ಯವಂತರು ‘ಸಾಲದವರ’ ಪಟ್ಟಿಗೆ ಸೇರಿದರು. ಹೊಲಿಕ್ ಅವರಿಗೆ ಔಷಧ ಕಂಪನಿಗಳಿಂದ ಹಣ ಸಂದಾಯವಾಗಿತ್ತು, ರಕ್ತಪರೀಕ್ಷೆಯ ದೊಡ್ಡ ಕಂಪನಿಯಾದ ಕ್ವೆಸ್ಟ್ ಡಯಾಗ್ನಾಸ್ಟಿಕ್ಸ್‌ಗೆ ಅವರು 1979ರಿಂದ ಸಲಹೆಗಾರರಾಗಿದ್ದರು ಎಂದು 2018ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಮತ್ತು ಕೈಸರ್ ಹೆಲ್ತ್ ನ್ಯೂಸ್ ವರದಿ ಮಾಡಿದವು. ಹಣ ತಮ್ಮ ಮಾತಿನ ಮೇಲೆ ಪ್ರಭಾವ ಬೀರಿಲ್ಲ ಎಂದು ಅವರು ಹೇಳಿದರು. ಅವರ ಮನಸ್ಸಿನೊಳಗೆ ಇಣುಕುವುದು ನನ್ನ ಕೆಲಸವಲ್ಲ. ಗೆರೆ ಮೇಲೇರಿದಷ್ಟೂ ಪರೀಕ್ಷೆ ಮಾರುವವರಿಗೂ ಮಾತ್ರೆ ಮಾರುವವರಿಗೂ ಗಿರಾಕಿ ಹೆಚ್ಚುತ್ತಾರೆ ಎಂಬುದಂತೂ ಎಲ್ಲರಿಗೂ ಕಾಣುವ ಸಂಗತಿ.

2024ರ ಜೂನ್‌ನಲ್ಲಿ ಅದೇ ಎಂಡೋಕ್ರೈನ್ ಸೊಸೈಟಿ ಹೊಸ ಮಾರ್ಗಸೂಚಿ ಹೊರಡಿಸಿತು. 20, 30 ಎಂಬ ತನ್ನ ಹಳೆಯ ಗೆರೆಗಳಿಗೆ ಇನ್ನು ತನ್ನ ಸಮ್ಮತಿಯಿಲ್ಲ, ಆರೋಗ್ಯವಂತ ವಯಸ್ಕರಲ್ಲಿ ಈ ಪರೀಕ್ಷೆಯನ್ನು ರೂಢಿಯಾಗಿ ಮಾಡಬಾರದು ಎಂದಿತು. ಗೆರೆ ಎಳೆದವರೇ ಅದನ್ನು ಹಿಂತೆಗೆದುಕೊಂಡಿದ್ದಾರೆ. ನಮ್ಮ ಲ್ಯಾಬುಗಳ ಪ್ರಿಂಟರುಗಳಿಗೆ ಮಾತ್ರ ಆ ಸುದ್ದಿ ಮುಟ್ಟಿಲ್ಲ. ಇದು ಮರೆವಿನಿಂದ ಆದದ್ದೆಂದು ನಾನು ನಂಬಲಾರೆ. ಇಷ್ಟು ದೊಡ್ಡ ಬದಲಾವಣೆ ರೋಗಶಾಸ್ತ್ರಜ್ಞರಿಗೆ ಗೊತ್ತಿಲ್ಲದೆ ಇರುವುದಿಲ್ಲ.

ಅಳತೆಯೂ ಅಂಥ ಗಟ್ಟಿ ಅಳತೆಯಲ್ಲ. ರಕ್ತದಲ್ಲಿ ಈ ವಿಟಮಿನ್ ಪ್ರೊಟೀನೊಂದಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಿ ಅಳೆಯುವುದರಲ್ಲಿ ಒಂದೊಂದು ಯಂತ್ರದ ರೀತಿ ಒಂದೊಂದು. ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಒಂದು ಅಂಕಿ ಬಂದರೆ ಸಾಮಾನ್ಯ ಲ್ಯಾಬುಗಳ ಇಮ್ಯುನೊಅಸ್ಸೇ ಯಂತ್ರದಲ್ಲಿ ಮತ್ತೊಂದು ಬರಬಹುದು. ಅಂಕಿಗಳು ಒಂದಕ್ಕೊಂದು ತಾಳೆಯಾಗುವಂತೆ ಮಾಡಲೆಂದೇ 2010ರಲ್ಲಿ ಅಂತರರಾಷ್ಟ್ರೀಯ ಮಟ್ಟದ ಕಾರ್ಯಕ್ರಮವೊಂದು ಶುರುವಾಗಬೇಕಾಯಿತು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಕೆಲವು ಯಂತ್ರಗಳಲ್ಲಿ ಲೆಕ್ಕವೇ ತಪ್ಪುತ್ತದೆ. ಮಳೆಗಾಲದ ಕೊನೆಗೂ ಬೇಸಿಗೆಯ ಕೊನೆಗೂ ಒಬ್ಬರದೇ ರಕ್ತದಲ್ಲಿ ವ್ಯತ್ಯಾಸ ಕಾಣಬಹುದು. ಹೀಗೆ ಎರಡು ಮೂರು ಅಂಕ ಅತ್ತಿತ್ತ ಓಲಾಡುವುದು ಸಾಮಾನ್ಯವಾಗಿರುವಾಗ 29.4 ಬಂದವರಿಗೆ ‘ಸಾಲದು’, 30.2 ಬಂದವರಿಗೆ ‘ಸಾಕಷ್ಟು’ ಎಂದು ಷರಾ ಬರೆಯುವುದಕ್ಕೆ ಅರ್ಥವಿಲ್ಲ.

ಅಂಕಿ ಏರಿಸಿಕೊಂಡರೆ ಒಳಿತಾಗುತ್ತದೆಯೇ ಎಂಬುದನ್ನೂ ಪರೀಕ್ಷಿಸಿ ಆಗಿದೆ. ಅಮೆರಿಕದ ‘ವೈಟಲ್’ ಅಧ್ಯಯನದಲ್ಲಿ 25,871 ಜನ ಭಾಗವಹಿಸಿದರು. ಅರ್ಧ ಜನರಿಗೆ ದಿನಕ್ಕೆ 2,000 ಐಯು, ಉಳಿದವರಿಗೆ ಹುಸಿಮಾತ್ರೆ. ಐದು ವರ್ಷ ಹೀಗೆ ನಡೆಯಿತು. ಕ್ಯಾನ್ಸರ್ ಬರುವುದು ಕಡಿಮೆಯಾಗಲಿಲ್ಲ, ಹೃದಯಾಘಾತ ಕಡಿಮೆಯಾಗಲಿಲ್ಲ, 2022ರಲ್ಲಿ ಪ್ರಕಟವಾದ ಲೆಕ್ಕದಂತೆ ಮೂಳೆ ಮುರಿತವೂ ಕಡಿಮೆಯಾಗಲಿಲ್ಲ. ಆಸ್ಟ್ರೇಲಿಯಾದಲ್ಲಿ 60 ದಾಟಿದ 21,315 ಜನರ ಮೇಲೆ ನಡೆದ ಅಧ್ಯಯನದಲ್ಲಿ ಕೊಟ್ಟದ್ದು ನಮ್ಮ ಪ್ಯಾಕೆಟ್ಟಿನಲ್ಲಿರುವಷ್ಟೇ, ತಿಂಗಳಿಗೊಮ್ಮೆ 60,000 ಐಯು. ಸಾವಿನ ಪ್ರಮಾಣ ಇಳಿಯಲಿಲ್ಲ. ಆ ಜನರಲ್ಲಿ ಬಹುತೇಕರಿಗೆ ಕೊರತೆಯೇ ಇರಲಿಲ್ಲವಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಮಾತು ನಿಜ. ನಮ್ಮ ಪ್ಯಾಕೇಜುಗಳಲ್ಲಿ 23, 26 ಎಂಬ ಅಂಕಿ ಹಿಡಿದು ಮನೆಗೆ ಬರುವವರೂ ಬಹುಪಾಲು ಅಂಥವರೇ.

ಇನ್ನೊಂದು ಆಕ್ಷೇಪ ಗಂಭೀರವಾದದ್ದು. ‘ಇದೆಲ್ಲ ಅಮೆರಿಕದ ಲೆಕ್ಕ. ನಮ್ಮದು ಕಪ್ಪು ಚರ್ಮ, ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ, ದಿನವಿಡೀ ಒಳಗೇ ಕೂರುವ ಕೆಲಸ. ಇಲ್ಲಿ ಕೊರತೆ ನಿಜವಾಗಿಯೂ ವ್ಯಾಪಕವಾಗಿದೆ’ ಎನ್ನುತ್ತಾರೆ ಕೆಲವು ವೈದ್ಯರು. ಇಲ್ಲಿ ಕೊರತೆಯಿದೆ, ಒಪ್ಪುತ್ತೇನೆ. 2016-18ರ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ 12 ನ್ಯಾನೊಗ್ರಾಂಗಿಂತ ಕಡಿಮೆ ಇದ್ದವರನ್ನು ಕೊರತೆಯವರೆಂದು ಎಣಿಸಿದಾಗ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಶೇ 14, ಹದಿಹರೆಯದವರಲ್ಲಿ ಶೇ 24 ಎಂದು ಬಂತು. ಸಣ್ಣ ಸಂಖ್ಯೆಯಲ್ಲ ಇದು. ಆದರೆ ಹದಿಹರೆಯದ ನಾಲ್ವರಲ್ಲಿ ಒಬ್ಬರಿಗೆ ಕೊರತೆಯಿದ್ದರೆ ಎಲ್ಲರ ರಕ್ತ ತೆಗೆದು ಆ ಒಬ್ಬರನ್ನು ಹುಡುಕುವುದು ಯಾವ ಜಾಣತನ? ದಿನಕ್ಕೆ 600 ಐಯು ವಯಸ್ಕರಿಗೆ ಸಾಕೆಂದು ಐಸಿಎಂಆರ್ 2020ರಲ್ಲಿ ಹೇಳಿದೆ. ಅಷ್ಟು ಚಿಕ್ಕ ಪ್ರಮಾಣ ಕೊಡಲು ಯಾರ ರಕ್ತವನ್ನೂ ನೋಡಬೇಕಿಲ್ಲ. ಹುಟ್ಟಿದ ಮಗುವಿಗೆ ವರ್ಷ ತುಂಬುವವರೆಗೆ ದಿನಕ್ಕೆ 400 ಐಯು ಹನಿ ಹಾಕಿ ಎಂದು ಮಕ್ಕಳ ವೈದ್ಯರು ಬರೆದುಕೊಡುತ್ತಾರೆ. ಅದಕ್ಕಾಗಿ ಯಾವ ಹಸುಗೂಸಿನ ರಕ್ತವನ್ನೂ ಪರೀಕ್ಷೆಗೆ ಕಳಿಸುವುದಿಲ್ಲ. ಗಳಗಂಡ ತಡೆಯಲು ಈ ದೇಶ ಉಪ್ಪಿಗೆ ಅಯೋಡಿನ್ ಬೆರೆಸಿತು, ಮನೆಮನೆಗೆ ಹೋಗಿ ಪ್ರತಿಯೊಬ್ಬರ ಅಯೋಡಿನ್ ಅಳೆಯಲಿಲ್ಲ. ಫಿನ್ಲೆಂಡ್ 2003ರಲ್ಲಿ ಹಾಲಿಗೆ ವಿಟಮಿನ್ ಡಿ ಸೇರಿಸತೊಡಗಿ ಇಡೀ ಜನತೆಯ ಮಟ್ಟವನ್ನು ಏರಿಸಿತು. ನಮ್ಮಲ್ಲೂ ಸಾರವರ್ಧಿತ ಹಾಲು, ಎಣ್ಣೆಗೆ 2018ರಿಂದ ನಿಯಮಗಳಿವೆ. ಸರ್ಕಾರಿ ಶಾಲೆಯ ಮಕ್ಕಳಿಗೆ 2013ರಿಂದ ಕ್ಷೀರಭಾಗ್ಯದ ಹಾಲು ಹೋಗುತ್ತಿದೆ. ಆ ಲೋಟದೊಳಗೆ ಇರಬೇಕಾದಷ್ಟು ವಿಟಮಿನ್ ಡಿ ಇದೆಯೇ ಎಂದು ಸರ್ಕಾರ ಆಗಾಗ ಹಾಲನ್ನು ಪರೀಕ್ಷಿಸಲಿ. ಮಕ್ಕಳ ರಕ್ತ ಪರೀಕ್ಷಿಸುವುದಕ್ಕಿಂತ ಅದು ಅಗ್ಗ, ಫಲವೂ ಹೆಚ್ಚು.

ನನಗೆ ಸಿಟ್ಟು ಬರುವುದು ಇಲ್ಲಿ: ಈ ಪರೀಕ್ಷೆ ನಿಜವಾಗಿ ಬೇಕಾದವರಿಗೆ ಅದು ಸಿಗುವುದೇ ಇಲ್ಲ. ಪೀಣ್ಯದ ಗಾರ್ಮೆಂಟ್ಸ್ ಶೆಡ್ಡಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಮಿಷನ್ನಿನ ಮುಂದೆ ಕೂರುವ ಹೆಂಗಸು, ಒಂದೇ ಕೋಣೆಯಲ್ಲಿ ಬೀಡಿ ಕಟ್ಟುತ್ತಾ ದಿನ ಕಳೆಯುವ ತಾಯಿ, ಮೂರನೆಯ ಮಹಡಿಯಿಂದ ಇಳಿಯಲಾಗದ ಅಜ್ಜಿ. ಮೂಳೆ ಮೆದುವಾಗುವ ಆಸ್ಟಿಯೊಮಲೇಸಿಯ ಬಂದವರನ್ನು ಒಮ್ಮೆ ಕಣ್ಣಾರೆ ನೋಡಬೇಕು. ನೆಲದ ಮೇಲೆ ಕೂತವರು ಏಳುವಾಗ ಮೊದಲು ಎರಡೂ ಕೈ ಮುಂದಕ್ಕೂರಿ, ಆಮೇಲೆ ತೊಡೆಯ ಮೇಲೆ ಕೈಯಿಟ್ಟು ತಮ್ಮನ್ನೇ ತಾವು ಎತ್ತಿಕೊಳ್ಳುತ್ತಾರೆ. ಬಸ್ಸಿನ ಮೆಟ್ಟಿಲು ಹತ್ತಲು ಕಂಬಿಗೆ ಜೋತುಬೀಳುತ್ತಾರೆ. ನಡಿಗೆ ಅತ್ತಿತ್ತ ವಾಲುತ್ತದೆ, ಮೊಣಕಾಲಿನ ಕೆಳಗಿನ ಎಲುಬನ್ನು ಹೆಬ್ಬೆರಳಿನಿಂದ ಒತ್ತಿದರೆ ಮುಖ ಹಿಂಡುತ್ತಾರೆ. ಇಂಥವರಿಗೆ ವರ್ಷಗಟ್ಟಲೆ ನೋವಿನ ಮಾತ್ರೆಯೋ ‘ಸಂಧಿವಾತ’ದ ಹೆಸರೋ ಸಿಗುತ್ತದೆ. ಅವರ ಆಲ್ಕಲೈನ್ ಫಾಸ್ಫಟೇಸ್, ಕ್ಯಾಲ್ಸಿಯಂ, ಫಾಸ್ಫರಸ್ ನೋಡಿದರೆ ಬಹಳಷ್ಟು ಸಲ ಸುಳಿವು ಸಿಗುತ್ತದೆ. ಅವು ತಾಲ್ಲೂಕು ಮಟ್ಟದಲ್ಲೂ ಮಾಡಬಹುದಾದ ಅಗ್ಗದ ಪರೀಕ್ಷೆಗಳು. ಆಮೇಲೆ ವಿಟಮಿನ್ ಡಿ ಅಳೆದರೆ ಆ ಹಣಕ್ಕೆ ಬೆಲೆ ಬರುತ್ತದೆ. ಫಿಟ್ಸ್ ಮಾತ್ರೆಗಳನ್ನು ವರ್ಷಗಳಿಂದ ನುಂಗುವವರು, ಕಿಡ್ನಿ ಕೆಟ್ಟವರು, ಕರುಳು ಸರಿಯಾಗಿ ಹೀರಿಕೊಳ್ಳದವರು, ಕಾಲು ಬಾಗಿದ ಮಕ್ಕಳು, ಮೂಳೆ ಸವೆತಕ್ಕೆ ಇಂಜೆಕ್ಷನ್ ತೆಗೆದುಕೊಳ್ಳಲಿರುವವರು ಕೂಡ ಇದೇ ಸಾಲಿಗೆ ಸೇರುತ್ತಾರೆ.

ಸುಮ್ಮನೆ ಒಂದು ಪರೀಕ್ಷೆ, ಅದರಿಂದೇನು ನಷ್ಟ ಎನ್ನುವವರಿಗೆ ಒಂದು ಮಾತು. ಒಂದು ಪ್ಯಾಕೆಟ್ಟಿನ 60,000 ಐಯು ಎಂದರೆ ದಿನದ ಅಗತ್ಯದ ನೂರು ಪಟ್ಟು. ವಾರಕ್ಕೊಂದು ಎಂದು ಬರೆದದ್ದನ್ನು ದಿನಕ್ಕೊಂದು ಎಂದು ತಿಳಿದು ತಿಂಗಳುಗಟ್ಟಲೆ ಸೇವಿಸಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ, ಗೊಂದಲ, ಕಿಡ್ನಿ ಹಾನಿಯೊಂದಿಗೆ ಆಸ್ಪತ್ರೆ ಸೇರಿದವರ ಪ್ರಕರಣಗಳು ಭಾರತದ ವೈದ್ಯಕೀಯ ಪತ್ರಿಕೆಗಳಲ್ಲೇ ದಾಖಲಾಗಿವೆ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಐಯು ಕೊಟ್ಟು ನೋಡಿದಾಗ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾಯಿತು. 2010ರಲ್ಲಿ ಅದು ಪ್ರಕಟವಾಯಿತು. ಹಾಗೆಂದು ವೈದ್ಯರು ಕಾರಣವಿಟ್ಟು ಕೊಟ್ಟ ಮಾತ್ರೆಯನ್ನು ಈ ಲೇಖನ ಓದಿ ಯಾರೂ ನಿಲ್ಲಿಸಬೇಡಿ.

ಕೆಲವು ಕಡೆ ಆಡಳಿತಗಳು ಗಟ್ಟಿಯಾಗಿ ನಿಂತಿವೆ. ಕೆನಡಾದ ಒಂಟಾರಿಯೊ ಪ್ರಾಂತ್ಯ 2010ರಲ್ಲಿ, ಆಸ್ಟ್ರೇಲಿಯಾ 2014ರಲ್ಲಿ ಸರ್ಕಾರಿ ದುಡ್ಡಿನಿಂದ ಈ ಪರೀಕ್ಷೆ ಮಾಡಿಸುವುದಕ್ಕೆ ಮಿತಿ ಹಾಕಿದವು. ಇಲ್ಲಿ ಹಣ ಜನರ ಜೇಬಿನಿಂದಲೇ ಹೋಗುವುದರಿಂದ ಯಾರಿಗೂ ಬಿಸಿ ತಟ್ಟಿಲ್ಲ. ಕರ್ನಾಟಕಕ್ಕೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಿದೆ. ಲ್ಯಾಬುಗಳೂ ಅದರಡಿ ನೋಂದಣಿಯಾಗಬೇಕು. ಆರೋಗ್ಯ ಇಲಾಖೆ ಆ ಅಧಿಕಾರ ಬಳಸಲಿ. ವೈದ್ಯರ ಚೀಟಿಯಿಲ್ಲದೆ ವಿಟಮಿನ್ ಡಿ ಪರೀಕ್ಷೆಯನ್ನು ಪ್ಯಾಕೇಜಿನಲ್ಲಿ ಮಾರುವಂತಿಲ್ಲ ಎಂದು ಸುತ್ತೋಲೆ ಹೊರಡಿಸಲಿ. ವರದಿಯಲ್ಲಿ 30ರ ಗೆರೆ, ದಪ್ಪಕ್ಷರದ ‘ಸಾಲದು’ ಎರಡೂ ಹೋಗಲಿ. ಯಾವ ವಿಧಾನದಿಂದ ಅಳೆದದ್ದು ಎಂಬುದು ಮಾತ್ರ ಸ್ಪಷ್ಟವಾಗಿರಲಿ. ನೆಲದಿಂದ ಏಳಲು ಒದ್ದಾಡುವ ಹೆಂಗಸಿಗೆ, ಕಾಲು ಬಾಗಿದ ಮಗುವಿಗೆ, ಫಿಟ್ಸ್ ಮಾತ್ರೆಯ ಮೇಲೆ ಬದುಕುವವರಿಗೆ ಈ ಪರೀಕ್ಷೆ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ಸಿಗಬೇಕು. ರಕ್ತದ ಮಾದರಿ ತಾಲ್ಲೂಕು ಆಸ್ಪತ್ರೆಯಿಂದಲೇ ಅಲ್ಲಿಗೆ ಹೋಗುವಂತಾಗಬೇಕು, ಒಂದು ದಿನದ ಕೂಲಿ ಬಿಟ್ಟು ಅವರು ಅಲ್ಲಿಯವರೆಗೆ ಅಲೆಯುವಂತಾಗಬಾರದು.