ಆಯಾಗೂ ಒಂದು ಉಡಿ ತುಂಬ್ರಿ

ಅಕ್ಟೋಬರ್ 1 ಹಿರಿಯರ ದಿನ. ಅವತ್ತು ಹೋಳಿಗಿ, ಹಣ್ಣು ತಗೊಂಡು ವೃದ್ಧಾಶ್ರಮಕ್ಕ ಹೋಗೋರು ನಮ್ಮ ಕೆಂಚನಗುಡ್ಡದಾಗೂ ಅದಾರ. ಬ್ಯಾಡ ಅನ್ನಂಗಿಲ್ಲ. ಆದ್ರ ಶಾಲು, ಹಾರ ಎಲ್ಲಾ ಆಶ್ರಮ ನಡೆಸೋರಿಗೆ. ಫೋಟೋ ಅಜ್ಜ ಅಜ್ಜಿಯರ ಜೋಡಿ. ಆಯಾ ಮಾತ್ರ ಎಲಿ ಎತ್ತಾಕ ಮೂಲ್ಯಾಗ ನಿಂತಿರ್ತಾಳ.

ನಾನೂ ಹಂಗ ಮಾಡಿದಾಕಿನ. ನಮ್ಮ ಸೋದರತ್ತಿ ಲಕ್ವ ಹೊಡದು ಕಡೀಗೆ ಎಂಟು ತಿಂಗಳು ಒಂದು ಆಶ್ರಮದಾಗಿದ್ಲು. ಎರಡು ತಾಸಿಗೊಮ್ಮೆ ಮಗ್ಗಲು ಹೊರಳಿಸದಿದ್ರ ಬೆನ್ನು ಹುಣ್ಣಾಗ್ತೈತಿ. ರಾತ್ರಿ ಎದ್ದೆದ್ದು ಹೊರಳಿಸಿದಾಕಿ ಆಯಾ. ಅನ್ನ ಕಿವುಚಿ, ಒಂದು ತುತ್ತು ನುಂಗೋತನಕ ಕಾಯ್ತಿದ್ಲು. ಅತ್ತಿಗೆ ಕಡೀ ನೀರು ಹಾಕುವಾಗ ನೋಡಿದ್ವಿ, ಬೆನ್ನಿಗೆ ಒಂದು ಹುಣ್ಣಿರಲಿಲ್ಲ. ತಿಥಿ ಊಟಕ್ಕ ಮ್ಯಾನೇಜರ್‌ನ ಕರದ್ವಿ. ಆಕಿನ್ನ ಕರೀಲಿಲ್ಲ, ಹೆಸರೂ ಕೇಳಿರಲಿಲ್ಲ.

ಜಿಲ್ಲೆಗೊಂದಾದ್ರೂ ವೃದ್ಧಾಶ್ರಮ, ಅದರಾಗ ಕಡಿಮಿ ಅಂದ್ರೂ 150 ಬಡ ಹಿರಿಯರಿಗೆ ಜಾಗ ಅಂತ 2007ರ ಹಿರಿಯ ನಾಗರಿಕರ ಕಾಯ್ದೆಯೊಳಗ ಬರದಾರ. ಮಂಚ ಎಣಿಸಿದ್ರ ಆತೇನ್ರಿ, ಹೊರಳಿಸೋ ಕೈ ಬ್ಯಾಡೇನು? ನರ್ಸಮ್ಮಗಳಿಗೆ 1973ರಿಂದ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿ ಐತಿ. ಅಂಥಾದ್ದೊಂದು ಆಯಾಗಳಿಗೆ ಜಿಲ್ಲಾದಾಗರ ಇರ್ಲಿ. ‘ಪುಣ್ಯದ ಕೆಲಸ’ ಅನಕೋತ ಪಗಾರ ಕಡಿಮಿ ಕೊಟ್ಟು, ಮ್ಯಾಲ ಶಾಲು ಹೊದಿಸಿದ್ರ ಅದು ಸನ್ಮಾನ ಅಲ್ಲ. ವಾರಕ್ಕೊಂದು ರಜಾ ಮೊದಲು ಕೊಡ್ಲಿ.

ಅಕ್ಕ ತಂಗೇರ, ಈ ಸಲ ಹೋದಾಗ ಹೋಳಿಗಿ ಜೋಡಿ ಸೀರಿ ಕುಬಸ ಒಯ್ರಿ. ಹೆಸರು ಕೇಳಿ ಉಡಿ ತುಂಬ್ರಿ. ಗಂಡ ಇಲ್ಲದಾಕಿ ಅಂತ ಆಕಿ ಹಿಂದ ಸರಿದ್ರೂ ಬಿಡಬ್ಯಾಡ್ರಿ.