ಮೊದಲು ಗಾಳಿ, ಆಮೇಲೆ ಗುಂಡಿ! ಇಷ್ಟನ್ನು ಕನ್ನಡದಲ್ಲಿ ಹೇಳಲು ಏನು ಧಾಡಿ?

ಕನ್ನಡದ ತರುಣ ಗೆಳೆಯರೇ,

ಅಂಗಡಿಯ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕೆಂದು ನೀವು ಬೀದಿಗಿಳಿದಿರಿ, ಲಾಠಿ ಕಂಡಿರಿ. 2024ರಲ್ಲಿ ಅದು ಕಾನೂನಿಗೇ ಸೇರಿತು. ಸಂತೋಷ. ಈಗ ಇನ್ನೊಂದು ಬೋರ್ಡಿನ ಕಥೆ ಕೇಳಿ. ಅದು ಬೀದಿಯಲ್ಲಿಲ್ಲ. ನೀವು ಸಾಲ ಮಾಡಿ ಕೊಂಡ ಕಾರಿನೊಳಗೆ, ಸ್ಟಿಯರಿಂಗಿನ ಹಿಂದೆ ಕೂತಿದೆ. ಅದರಲ್ಲಿ ಕನ್ನಡ ಶೇಕಡಾ ಎಷ್ಟು? ನನ್ನ ಕಾರಿನಲ್ಲಿ ಹುಡುಕಿದೆ. ಸೊನ್ನೆ!

ಕಳೆದ ಬೇಸಿಗೆಯಲ್ಲಿ ಗರಗದ ಪಂಕ್ಚರ್ ಅಂಗಡಿಯೊಂದರಲ್ಲಿ ಮುಂದಿನ ಗಾಲಿಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿದೆ. ಟೈರು ಸಮನಾಗಿ ಸವೆಯಲೆಂದು ಎಲ್ಲರೂ ಮಾಡಿಸುವ ಕೆಲಸ. ಮರುದಿನ ಧಾರವಾಡಕ್ಕೆ ಹೊರಟರೆ ಹಳದಿ ದೀಪ ಹತ್ತಿಕೊಂಡಿತು, ಪಕ್ಕದಲ್ಲಿ ಒಂದು ಸಾಲು ಇಂಗ್ಲಿಷು. ತಿರುಗಿ ಅದೇ ಅಂಗಡಿಗೆ ಹೋದೆ.

"ಅಣ್ಣಾರ, ಇದು ಕುದುರಿ ಲಾಳದಂಗ ಐತಿ, ನಡುವ ಒಂದು ಗೆರಿ, ಕೆಳಗ ಚುಕ್ಕಿ. ಏನ್ ಅನ್ನಾಕತ್ತೈತ್ರಿ ಇದು?" ಎಂದ ಹುಡುಗ.

"ನನಗ ಗೊತ್ತಿದ್ರ ನಿನ್ನ ಹತ್ರ ಯಾಕ ಬರ್ತಿದ್ದೆ ತಮ್ಮಾ?"

ಕಾರಿನ ಪುಸ್ತಕ ತೆಗೆದೆವು. ಇಟ್ಟಿಗೆಯಷ್ಟು ದಪ್ಪ, ಒಂದಕ್ಷರ ಕನ್ನಡವಿಲ್ಲ. ನಾನು ಪಿಯುಸಿವರೆಗೆ ಓದಿದವನು, ಹುಡುಗ ಎಂಟನೇ ಇಯತ್ತೆ. ಇಬ್ಬರೂ ಸೇರಿ ಹಿಡಿದದ್ದು ಒಂದೇ ಶಬ್ದ: ರಿಸೆಟ್. ಹುಬ್ಬಳ್ಳಿಯ ಗೆಳೆಯನಿಗೆ ಫೋನ್ ಮಾಡಿದರೆ, "ಆ ಗುಂಡಿ ಒತ್ತಿ ಹಿಡೀರಿ, ದೀಪ ಆರತೈತಿ" ಎಂದ. ಒತ್ತಿದೆವು. ಆರಿತು. ಚಹಾ ಕುಡಿದು ಮನೆಗೆ ಬಂದೆ.

ಮೂರು ದಿನ ಬಿಟ್ಟು ಬೆಳಗಾವಿಗೆ ಹೊರಟಿದ್ದೆವು. ಕಿತ್ತೂರು ದಾಟಿದ ಮೇಲೆ ಮಗಳು ವಾಂತಿ ಬರುತ್ತದೆಂದಳು, ನಿಲ್ಲಿಸಿದೆ. ಇಳಿದು ನೋಡಿದರೆ ಹಿಂದಿನ ಎಡಗಡೆಯ ಟೈರು ಹೊಟ್ಟೆ ಬಿಟ್ಟುಕೊಂಡಿದೆ, ಮುಟ್ಟಿದರೆ ಕೈ ಸುಡುತ್ತದೆ. ಗಾಳಿ ನೋಡಿಸಿದರೆ 32 ಇರಬೇಕಾದಲ್ಲಿ 20! ಸಣ್ಣದೊಂದು ಮೊಳೆ ದಿನಗಟ್ಟಲೆ ಗಾಳಿ ಕುಡಿಯುತ್ತಿತ್ತು. ಗಾಳಿ ಕಡಿಮೆಯಾದ ಟೈರಿನ ಗೋಡೆ ಪ್ರತಿ ಸುತ್ತಿಗೂ ಮಡಿಚಿ ಬಿಚ್ಚಿ ಕಾಯುತ್ತದೆ, ಕಾದು ಕಾದು ಸಿಡಿಯುತ್ತದೆ. ಹೆದ್ದಾರಿಯ ವೇಗದಲ್ಲಿ ಸಿಡಿದಿದ್ದರೆ? ಮಗಳ ವಾಂತಿ ನಮ್ಮನ್ನು ಕಾಯಿತು, ಕಂಪನಿಯ ದೀಪವಲ್ಲ.

ದೀಪ ಯಾಕೆ ಸುಮ್ಮನಿತ್ತು? ಆಮೇಲೆ ತಿಳಿದವರಿಂದ ಕೇಳಿ ಕಲಿತೆ. ನನ್ನ ಕಾರಿನ ಟೈರಿನೊಳಗೆ ಗಾಳಿ ಅಳೆಯುವ ಯಂತ್ರವೇ ಇಲ್ಲ. ಬ್ರೇಕಿನ ಎಬಿಎಸ್ ಪ್ರತಿ ಗಾಲಿಯ ಸುತ್ತು ಎಣಿಸುತ್ತದೆ. ಗಾಳಿ ಇಳಿದ ಗಾಲಿ ಕುಗ್ಗಿ, ಅದೇ ದೂರಕ್ಕೆ ಉಳಿದವಕ್ಕಿಂತ ಹೆಚ್ಚು ಸುತ್ತು ಹೊಡೆಯುತ್ತದೆ. ಆ ವ್ಯತ್ಯಾಸ ಹಿಡಿದು ಕಾರು ದೀಪ ಹತ್ತಿಸುತ್ತದೆ. ರಿಸೆಟ್ ಒತ್ತುವುದೆಂದರೆ ಬರೀ ದೀಪ ಆರಿಸುವುದಲ್ಲ ಸ್ವಾಮಿ! "ಈಗ ಇರುವ ಗಾಳಿಯೇ ಸರಿ, ಇದನ್ನೇ ಲೆಕ್ಕಕ್ಕೆ ಹಿಡಿ" ಎಂದು ಕಾರಿಗೆ ಆಣೆ ಮಾಡಿ ಹೇಳಿದಂತೆ. ಕಡಿಮೆ ಗಾಳಿಯನ್ನೇ ನಾವು ಸರಿಯೆಂದೆವು, ಅದು ನಂಬಿತು. ಟೈರು ತಣ್ಣಗಿರುವಾಗ, ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿರುವಷ್ಟು ಗಾಳಿಯನ್ನು ನಾಲ್ಕೂ ಗಾಲಿಗೆ ತುಂಬಿಸಿ, ಆಮೇಲೆ ಗುಂಡಿ ಒತ್ತಬೇಕು, ಆಮೇಲೆ ಸ್ವಲ್ಪ ದೂರ ಓಡಿಸಬೇಕು. ಆ ಚೀಟಿಯಾದರೂ ನೆಟ್ಟಗಿದೆಯೇ? ಅದರಲ್ಲಿ 220 ಕೆಪಿಎ ಎಂದಿತ್ತು. ನಮ್ಮ ಹುಡುಗನ ಗೇಜಿನಲ್ಲಿ ಅದೇ 32 ಎಂದು ಅವನಿಗೆ ಹೇಳುವವರಾರು?

ಇನ್ನು ಕೆಲವು ಕಾರುಗಳಲ್ಲಿ ವಾಲ್ವಿನ ಬುಡದಲ್ಲೇ ಬ್ಯಾಟರಿ, ರೇಡಿಯೊ ಇರುವ ಸೆನ್ಸರ್. ಪ್ರತಿಯೊಂದಕ್ಕೂ ಅದರದೇ ನಂಬರು. ಗಾಲಿ ಅದಲುಬದಲಾದರೆ ಕೆಲವು ಕಾರು ಓಡುತ್ತಾ ತಾವೇ ಕಲಿಯುತ್ತವೆ, ಕೆಲವಕ್ಕೆ ಮೆನುವಿನಲ್ಲಿ ಹೋಗಿಯೋ ಬೇರೆ ಯಂತ್ರ ಹಿಡಿದೋ ಕಲಿಸಬೇಕು. ಕಲಿಸದಿದ್ದರೆ ಮುಂದಿನ ಗಾಲಿಯ ಗಾಳಿ ಹೋದಾಗ ಹಿಂದಿನದನ್ನು ತೋರಿಸೀತು. ದೀಪ ಒಂದು ನಿಮಿಷದಷ್ಟು ಮಿಣುಕಿ ಆಮೇಲೆ ಸ್ಥಿರವಾದರೆ ಸಾಮಾನ್ಯವಾಗಿ ವ್ಯವಸ್ಥೆಯ ದೋಷ, ಮಿಣುಕದೆ ಹತ್ತಿದರೆ ಗಾಳಿಯ ಕೊರತೆ.

ಇದು ಶ್ರೀಮಂತರ ಆಟಿಕೆ ಎನ್ನಬೇಡಿ. ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳು ಕಿತ್ತುಹೋಗಿ ಜನ ಸತ್ತ ಮೇಲೆ 2000ದಲ್ಲಿ ಕಾನೂನು ಬಂದು ಈ ದೀಪ ಅಲ್ಲಿ ಕಡ್ಡಾಯವಾಯಿತು. ನಮ್ಮಲ್ಲಿ 2020ರಲ್ಲಿ ಕೇಂದ್ರ ಸರಕಾರ, ಟ್ಯೂಬ್‌ಲೆಸ್ ಟೈರು, ಪಂಕ್ಚರ್ ಕಿಟ್ಟು ಮತ್ತು ಈ ಎಚ್ಚರಿಕೆ ವ್ಯವಸ್ಥೆ ಇದ್ದರೆ ಕಾರಿಗೆ ಸ್ಟೆಪ್ನಿಯೇ ಬೇಡವೆಂದಿತು. ಅಂದರೆ ಡಿಕ್ಕಿಯಲ್ಲಿದ್ದ ಗಾಲಿ ಹೋಯಿತು, ಅದರ ಜಾಗಕ್ಕೆ ಇಂಗ್ಲಿಷಿನಲ್ಲಿ ಮಾತಾಡುವ ಒಂದು ದೀಪ ಬಂತು!

ಕಾನೂನು ಇಲ್ಲವೇ? ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ 84ನೇ ಕಲಂ ಓದಿ. ಸರಿಯಾದ ಬಳಕೆಗೆ ಸಾಕಷ್ಟು ಸೂಚನೆ ಕೊಡದೆ ಹಾನಿಯಾದರೆ ತಯಾರಕನೇ ಹೊಣೆ. ಓದಲಾಗದ ಭಾಷೆಯ ಸೂಚನೆ "ಸಾಕಷ್ಟು" ಹೇಗಾದೀತು? ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ನಮ್ಮ ಸರಕಾರ 2025ರ ಫೆಬ್ರವರಿಯಲ್ಲಿ ಆದೇಶಿಸಿತು. ಬೇರೆ ರಾಜ್ಯದಲ್ಲಿ ತಯಾರಾಗಿ ಇಲ್ಲಿ ಮಾರಾಟವಾಗುವ ಕಾರಿನ ಗತಿ? ಕೆನಡಾದ ಕ್ವಿಬೆಕ್ ಇದಕ್ಕೆ 1977ರಲ್ಲೇ ಉತ್ತರ ಕೊಟ್ಟಿದೆ. ಸರಕು ಎಲ್ಲಿಯದೇ ಇರಲಿ, ಅದರ ಜೊತೆ ಬರುವ ಬಳಕೆಯ ಕೈಪಿಡಿ ಫ್ರೆಂಚಿನಲ್ಲಿ ಇರಲೇಬೇಕು. ಅಲ್ಲಿ ಕಾರು ಮಾರುವ ಕಂಪನಿಗಳೇನು ಅಂಗಡಿ ಮುಚ್ಚಿ ಓಡಿಹೋದವೇ?

"ಹಳ್ಳಿಯವರಿಗೆ ಇದೆಲ್ಲ ತಿಳಿಯುವುದಿಲ್ಲ" ಎಂಬ ಮಾತು ಬಂದೇ ಬರುತ್ತದೆ. ಗರಗ ರಾಷ್ಟ್ರಧ್ವಜದ ಖಾದಿ ನೇಯುವ ಊರು. ಎಳೆಯ ಲೆಕ್ಕ ತಪ್ಪಿದರೆ ಆ ಬಟ್ಟೆ ಬಾವುಟಕ್ಕೆ ನಡೆಯುವುದಿಲ್ಲ. ಅಳತೆಯ ಪಾಠ ನಮಗೆ ಬೇಡ, ಅಳತೆ ಎಷ್ಟೆಂದು ನಮ್ಮ ಮಾತಿನಲ್ಲಿ ಹೇಳಿದರೆ ಸಾಕು. ಕಠಿಣ ಸಂಸ್ಕೃತದ ಅನುವಾದವೂ ಬೇಡ. ಸ್ಟೆಪ್ನಿ, ಟೈರು, ವಾಲ್ವು ಎಲ್ಲ ಈಗ ಕನ್ನಡವೇ. "ವಾಯುಚಕ್ರ ಒತ್ತಡ ಸಂವೇದಕ" ಎಂದು ಬರೆದರೆ ನಮ್ಮ ಹುಡುಗ ಇಂಗ್ಲಿಷೇ ವಾಸಿ ಎಂದಾನು.

ಖರ್ಚಿನ ಮಾತು ಎತ್ತಿದರೆ ನನ್ನ ಹತ್ತಿರ ಕಳಿಸಿ. ಪ್ರೆಸ್ ನಡೆಸುವವನು ನಾನು. ಇಟ್ಟಿಗೆ ಗಾತ್ರದ ಪುಸ್ತಕ ಪೂರ್ತಿ ಬೇಡ. ಗಾಳಿ, ಬ್ರೇಕು, ದೀಪಗಳ ಅರ್ಥ, ಇಷ್ಟಕ್ಕೆ ಎರಡೂ ಮಗ್ಗುಲು ಅಚ್ಚಾದ ಒಂದು ಹಾಳೆ ಸಾಕು. ಬಡವರ ಮನೆಯ ಲಗ್ನಪತ್ರಿಕೆಗೂ ಅದಕ್ಕಿಂತ ಹೆಚ್ಚು ಕಾಗದ ಹೋಗುತ್ತದೆ.

ಹುಬ್ಬಳ್ಳಿ, ಬೆಂಗಳೂರಿನ ಷೋರೂಮುಗಳಲ್ಲಿ ಕಾರು ಕೊಳ್ಳುವ ತಮ್ಮಂದಿರೇ, ತಂಗಿಯರೇ, ಕೀಲಿಕೈ ಜೊತೆ ಫೋಟೊ ತೆಗೆಸಿಕೊಳ್ಳುವ ಮೊದಲು ಆ ಹಾಳೆ ಕೇಳಿ. ಇಲ್ಲವೆಂದರೆ ಡೆಲಿವರಿ ಕಾಗದದ ಮೇಲೆ "ಕನ್ನಡ ಸೂಚನೆ ಕೊಟ್ಟಿಲ್ಲ" ಎಂದು ಕನ್ನಡದಲ್ಲೇ ಬರೆದು ಸಹಿ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ.

ಗರಗದ ಆ ಅಂಗಡಿಯಲ್ಲಿ ಈಗ ಕಂಪ್ರೆಸರಿನ ಮೇಲೆ ನಾನು ಅಚ್ಚು ಹಾಕಿಕೊಟ್ಟ ಚೀಟಿ ಅಂಟಿಸಿದೆ: "ಮೊದಲು ಗಾಳಿ, ಆಮೇಲೆ ಗುಂಡಿ. 220 ಅಂದರೆ 32." ಮೊನ್ನೆ ಹೋದಾಗ ಹುಡುಗ, "ಅಣ್ಣಾರ, ಮಿಣುಕೋ ದೀಪದ್ದೂ ಒಂದು ಹೊಡಕೊಡ್ರಿ" ಎಂದ.