ಶಾಲು ಸಾಕು, ಮಾಸ್ತರರು ಬೇಕು

ಶಾಸ್ತ್ರೀಯ ಸಂಗೀತಕ್ಕೆ ಇನ್ನು ಕಾಲವಿಲ್ಲವೆಂದು ಹೇಳುವವರಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷದವರು ಇದನ್ನು ನಿಟ್ಟುಸಿರು ಬಿಟ್ಟು ಹೇಳುತ್ತಾರೆ. ಇನ್ನೊಂದು ಪಕ್ಷದವರು ಸಮಾಧಾನದಿಂದ ಹೇಳುತ್ತಾರೆ. ಮೊದಲಿನವರು ಪಟ್ಟಣದ ರಸಿಕರು. ಜನರಲ್ಲಿ ಅಭಿರುಚಿ ಉಳಿದಿಲ್ಲ, ಒಂದು ವಿಲಂಬಿತ ಖ್ಯಾಲನ್ನು ಕುಳಿತು ಕೇಳುವ ತಾಳ್ಮೆ ಯಾರಿಗೂ ಇಲ್ಲ ಎಂಬುದು ಅವರ ಕೊರಗು. ಎರಡನೆಯವರು ತಮ್ಮನ್ನು ಪ್ರಗತಿಪರರೆಂದು ಕರೆದುಕೊಳ್ಳುವವರು. ಅರಸರ, ಜಹಗೀರದಾರರ ದಿವಾಣಖಾನೆಗಳಲ್ಲಿ ಬೆಳೆದ ಕಲೆ ಪ್ರಜಾಪ್ರಭುತ್ವದಲ್ಲಿ ಬಾಡಿದರೆ ಅಳುವುದೇಕೆ ಎಂಬುದು ಅವರ ಪ್ರಶ್ನೆ. ಈ ಇಬ್ಬರೂ ಒಂದೇ ವೇದಿಕೆಯ ಮೇಲೆ ಕೂಡಲಾರರು. ಆದರೂ ಒಂದು ಮಾತಿನಲ್ಲಿ ಇಬ್ಬರಿಗೂ ಒಮ್ಮತವಿದೆ: ಸಾಮಾನ್ಯ ಜನಕ್ಕೆ ಈ ಸಂಗೀತ ತಿಳಿಯುವುದಿಲ್ಲ. ನನ್ನ ಜಗಳವಿರುವುದು ಈ ಒಮ್ಮತದೊಡನೆ.

ಜಗಳಕ್ಕೆ ಇಳಿಯುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಬಾಗಲಕೋಟೆ ತಾಲೂಕಿನ ಬೇವೂರಿನವನು. ಕಾಲೇಜಿನಲ್ಲಿ ಕನ್ನಡ ಕಲಿಸುವುದು ನನ್ನ ಉದ್ಯೋಗ. ಹೋದ ವರ್ಷ ಜಾತ್ರೆಯ ಏರ್ಪಾಡಿನ ಬಗೆಗೆ ಊರಿನವರು ಕೂಡಿದ್ದಾಗ, ಒಂದು ರಾತ್ರಿಯಾದರೂ ಯಾರಾದರೂ ಗವಾಯಿಗಳನ್ನು ಕರೆಸಿ ಹಾಡಿಸೋಣವೆಂದು ಒಬ್ಬ ಮುದುಕರು ಸೂಚಿಸಿದರು. ಅವರು ಭಜನೆಯ ಮೇಳದಲ್ಲಿ ಪೇಟಿ ಬಾರಿಸುವವರು. ಸಾಲಿ ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. “ಹಳ್ಯಾಗ ಅದು ಯಾರಿಗೆ ತಿಳೀತೈತಿ?” ಎಂದು ಥಟ್ಟನೆ ಆಡಿದವನು ನಾನೇ. ಮುದುಕರು ಸಿಟ್ಟಾಗಲಿಲ್ಲ. “ಖರೇ ಮಾಸ್ತರ, ನಮಗ ರಾಗದ ಹೆಸರು ತಿಳಿಯೂದಿಲ್ಲ. ಆದ್ರ ಹಾಡವರು ತಪ್ಪಿದ್ರ ತಿಳೀತೈತಿ” ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಸಭೆಗೆ ಎಂ.ಎ. ಆದವನ ಮಾತು ದೊಡ್ಡದಾಗಿ ಕಂಡಿತು. ಆ ವರ್ಷದ ಜಾತ್ರೆಗೆ ಆರ್ಕೆಸ್ಟ್ರಾ ಬಂತು. ಅದರ ಪಾಪದಲ್ಲಿ ನನ್ನ ಪಾಲು ಹಿರಿದು.

ಅಂದಿನಿಂದ ನಾನು ಕೇಳಿಕೊಳ್ಳುತ್ತಿರುವ ಪ್ರಶ್ನೆ ಇದು. ನಮ್ಮ ಉತ್ತರ ಕರ್ನಾಟಕ ಒಂದೇ ಶತಮಾನದಲ್ಲಿ ಇಷ್ಟೊಂದು ಹಿರಿಯ ಹಾಡುಗಾರರನ್ನು ಹಡೆಯಿತಲ್ಲ, ಅವರನ್ನು ಬೆಳೆಸಿದವರಾರು? ರಸಿಕರ ಸಂಘಗಳೇ? ಸಂಸ್ಥಾನಗಳೇ? ಮಿರಜ ಮುಂತಾದ ಸಂಸ್ಥಾನಗಳು ಉಸ್ತಾದರಿಗೆ ಆಶ್ರಯ ಕೊಟ್ಟದ್ದು ನಿಜ. ಆ ಉಪಕಾರವನ್ನು ಅಲ್ಲಗಳೆಯುವುದಿಲ್ಲ. ಆದರೆ ಹಾಡುಗಾರರ ಚರಿತ್ರೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಅಲ್ಲಿ ಕಾಣುವುದು ಅರಮನೆಗಿಂತ ಹೆಚ್ಚಾಗಿ ನಾಟಕದ ತಂಬು, ಮಠದ ಹಜಾರ, ಗುರುವಿನ ಮನೆಯ ಪಡಸಾಲೆ.

ಕುಂದಗೋಳದ ರಾಮಭಾವು ಎಂಬ ಹುಡುಗ ಅಬ್ದುಲ್ ಕರೀಂಖಾನರ ಶಿಷ್ಯನಾದ. ಆದರೆ ಅವನನ್ನು ‘ಸವಾಯಿ ಗಂಧರ್ವ’ನನ್ನಾಗಿ ಮಾಡಿದ್ದು ಮರಾಠಿ ರಂಗಭೂಮಿ. ತಿಕೀಟು ಕೊಂಡು ಬಂದ ಜನರ ಎದುರಿಗೆ, ಸ್ತ್ರೀಪಾತ್ರ ವಹಿಸಿ, ಅವರು ರಾಗ ಹಾಡಿದರು. ಧಾರವಾಡದ ಬದಿಯ ಮನ್ಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮೊದಲು ಹಾಡಿದ್ದು ನಾಟಕ ಕಂಪನಿಯ ಬಾಲನಟನಾಗಿ. ನೀಲಕಂಠಬುವಾ ಅವರ ಶಿಷ್ಯತ್ವ, ಆಮೇಲೆ ಅಲ್ಲಾದಿಯಾಖಾನರ ಮಕ್ಕಳಾದ ಮಂಜಿಖಾನ್ ಮತ್ತು ಭೂರ್ಜಿಖಾನರ ಪಾಠ, ಇವೆಲ್ಲ ಅನಂತರದ ಮಾತು. ನಮ್ಮ ನೆರೆಯ ಬೀಳಗಿಯಿಂದ ಹೊರಟ ಅಮೀರಬಾಯಿ ಕರ್ನಾಟಕಿಯ ಕಂಠವನ್ನು 1943ರ ‘ಕಿಸ್ಮತ್’ ಚಿತ್ರದಲ್ಲಿ ಇಡೀ ಹಿಂದೂಸ್ಥಾನ ಕೇಳಿತು. ಇನ್ನು ನಮ್ಮ ಊರುಗಳ ಶ್ರೀಕೃಷ್ಣ ಪಾರಿಜಾತವನ್ನೇ ನೋಡಿರಿ. ರಾತ್ರಿಯಿಡೀ ನಡೆಯುವ ಆ ಆಟದಲ್ಲಿ ಸತ್ಯಭಾಮೆಯ ಮುನಿಸು, ಕೃಷ್ಣನ ಓಲೈಕೆ ಎಲ್ಲವೂ ರಾಗದ ಹದದಲ್ಲಿಯೇ ಬರುತ್ತವೆ. ಹೊಲದಿಂದ ಬಂದು ಕಂಬಳಿ ಹಾಸಿ ಕುಳಿತವನಿಗೆ ಅದು ಶಾಸ್ತ್ರವೋ ಜಾನಪದವೋ ಎಂಬ ವಿಂಗಡಣೆ ಬೇಕಾಗಿರಲಿಲ್ಲ. ಆ ವಿಂಗಡಣೆ ನಮ್ಮದು, ಓದಿದವರದು.

ಬಾದಾಮಿ ತಾಲೂಕಿನಲ್ಲಿ ಮಲಪ್ರಭೆಯ ದಂಡೆಗೆ ಶಿವಯೋಗಮಂದಿರವಿದೆ. ಅದನ್ನು 1909ರಲ್ಲಿ ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಕಣ್ಣಿಲ್ಲದ ಒಬ್ಬ ಬಾಲಕನನ್ನು ಎತ್ತಿಕೊಂಡು ಸಂಗೀತ ಕಲಿಸಿದರು. ಅವರೇ ಪಂಚಾಕ್ಷರಿ ಗವಾಯಿಗಳು. ಅವರು ತಮ್ಮಂತೆಯೇ ಕಣ್ಣಿಲ್ಲದ, ಗತಿಯಿಲ್ಲದ ಮಕ್ಕಳನ್ನು ಕೂಡಿಸಿಕೊಂಡು, ಊರೂರು ಅಲೆದು, ಜೋಳಿಗೆ ಹಿಡಿದು, ನಾಟಕ ಆಡಿಸಿ, ಹಾಡು ಕಲಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಹೀಗೆ ನೆಲೆನಿಂತದ್ದು. ಬಸವರಾಜ ರಾಜಗುರುಗಳಂಥ ಹಾಡುಗಾರರು ಬಂದದ್ದು ಆ ಗುರುವಿನ ಪಾಠದಿಂದ. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಆ ಭಾರವನ್ನು ಹೊತ್ತ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಇಳಿಸಲಿಲ್ಲ.

ಈಗ ಪ್ರಗತಿಪರ ಮಿತ್ರರನ್ನು ಕೇಳುತ್ತೇನೆ: ಇದರಲ್ಲಿ ಜಹಗೀರದಾರ ಎಲ್ಲಿದ್ದಾನೆ? ಕೈರಾನದಿಂದ ಬಂದ ಒಬ್ಬ ಮುಸಲ್ಮಾನ ಉಸ್ತಾದರು ಕುಂದಗೋಳದ ಬ್ರಾಹ್ಮಣ ಹುಡುಗನಿಗೆ ಕಲಿಸಿದರು. ಆ ಬ್ರಾಹ್ಮಣ ಗುರು, ಮೇಲ್ಜಾತಿಯವರು ಮನೆಯೊಳಗೆ ಬಿಟ್ಟುಕೊಳ್ಳದ ಮನೆತನದ ಗಂಗೂಬಾಯಿಗೆ ಕಲಿಸಿದರು; ಆಕೆ ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಹೋಗಿಬರುತ್ತಿದ್ದರು. ಆ ಕಾಲ ಸುವರ್ಣಯುಗವೆಂದು ನಾನು ಹೇಳುವುದಿಲ್ಲ. ಗಂಗೂಬಾಯಿಯವರು ಉಂಡ ಅವಮಾನಗಳನ್ನು ಅವರ ಬಾಯಿಂದಲೇ ನಾಡು ಕೇಳಿದೆ. ಆದರೆ ಸಮಾಜ ಮುಚ್ಚಿದ್ದ ಬಾಗಿಲನ್ನು ಅಷ್ಟಿಷ್ಟಾದರೂ ತೆರೆದದ್ದು ಈ ಸಂಗೀತವೇ ಅಲ್ಲವೆ? ಅದನ್ನು ಉಳ್ಳವರ ಸೊತ್ತೆಂದು ಕರೆದು ಕೈಬಿಟ್ಟರೆ, ನಾಳೆ ಅದು ನಿಜವಾಗಿಯೂ ಉಳ್ಳವರ ಸೊತ್ತೇ ಆಗುತ್ತದೆ. ತಿಂಗಳಿಗೆ ಸಾವಿರಾರು ರೂಪಾಯಿ ಕೊಟ್ಟು ಮಗುವಿಗೆ ಪಾಠ ಹೇಳಿಸಬಲ್ಲವರ ಮನೆಯಲ್ಲಿ ಮಾತ್ರ ಉಳಿಯುತ್ತದೆ.

ಇನ್ನು ರಸಿಕರ ಕಡೆಗೆ ತಿರುಗುತ್ತೇನೆ. ಅವರ ಮೇಲೆ ನನ್ನ ಸಿಟ್ಟು ಹೆಚ್ಚು. ಏಕೆಂದರೆ ಅವರು ನನ್ನವರೇ. ಕಾಲದ ವೇಗ, ಯಂತ್ರದ ಹಾವಳಿ ಸಂಗೀತವನ್ನು ಕೊಂದಿತೆಂದು ಅವರು ಹೇಳುತ್ತಾರೆ. ಈ ವಾದ ನಿಲ್ಲುವುದಿಲ್ಲ. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲು ಓಡುತ್ತಿದ್ದುದು ಮೂರು ಮೂರೂವರೆ ನಿಮಿಷ. ಅಂಥ ತಟ್ಟೆಯಲ್ಲಿ ಅಬ್ದುಲ್ ಕರೀಂಖಾನರ ಝಿಂಝೋಟಿ ಠುಮರಿಯನ್ನು ಕೇಳಿ ಹುಚ್ಚನಾದ ಬಾಲಕ ಭೀಮಸೇನ ಜೋಶಿ ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟು ಓಡಿದ. ಯಂತ್ರವೂ ಇತ್ತು, ತುಣುಕೂ ಇತ್ತು. ಆದರೆ ಮೂರು ನಿಮಿಷದ ಆ ತುಣುಕಿನ ಆಚೆಗೆ ಕುಂದಗೋಳದಲ್ಲಿ ಗುರುವಿನ ಮನೆಯೂ ಇತ್ತು. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಆರಂಭವಾದ ಮೇಲೆ ಮನ್ಸೂರರ, ಗಂಗೂಬಾಯಿಯವರ ಧ್ವನಿ ಚಹಾದಂಗಡಿಯ ರೇಡಿಯೋದಲ್ಲಿ ನಮ್ಮ ಹಳ್ಳಿಗಳಿಗೆ ಬಂತು. ಅದೂ ಯಂತ್ರವೇ. ಇಂದು ಬೇವೂರಿನ ಹುಡುಗನ ಅಂಗಿಯ ಕಿಸೆಯಲ್ಲಿ ಇವರೆಲ್ಲರ ಹಾಡಿಕೆಯೂ ಇದೆ. ಯಾವ ಮಹಾರಾಜನಿಗೂ ಇಷ್ಟು ದೊಡ್ಡ ದರಬಾರು ಇರಲಿಲ್ಲ. ಅವನು ಒಂದು ತುಣುಕು ಕೇಳುತ್ತಾನೆ, ಮನಸ್ಸು ಅಲುಗುತ್ತದೆ ಎನ್ನೋಣ. ಮುಂದೆ? ಅವನು ಯಾರ ಮನೆಯ ಬಾಗಿಲನ್ನು ತಟ್ಟಬೇಕು?

ನಮ್ಮ ಭಾಗದ ಒಂದು ಹೈಸ್ಕೂಲಿನಲ್ಲಿ ಹಿಂದೆ ಸಂಗೀತ ಮಾಸ್ತರರೊಬ್ಬರಿದ್ದರು. ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಅವರ ಪೇಟಿ ಇನ್ನೂ ಕಪಾಟಿನಲ್ಲಿದೆ. ಭಾತೆಯನ್ನು ಇಲಿ ಕಡಿದಿದೆ. ವಾರದ ಆ ಎರಡು ತಾಸುಗಳನ್ನು ಗಣಿತಕ್ಕೆ ಕೊಟ್ಟಿದ್ದಾರೆ. ಗಣಿತ ಬೇಡವೆನ್ನುವಷ್ಟು ಮೂರ್ಖ ನಾನಲ್ಲ. ಆದರೆ ಆ ಎರಡು ತಾಸು ಹೋದಾಗ ನಮ್ಮ ಪಾಲಕರಲ್ಲಿ ಒಬ್ಬರೂ ಮುಖ್ಯಾಧ್ಯಾಪಕರ ಬಳಿಗೆ ಹೋಗಿ ಏಕೆಂದು ಕೇಳಲಿಲ್ಲ. ಪಟ್ಟಣದ ವಾಚಕರು ನಗಬಾರದು. ನಿಮ್ಮಲ್ಲಿಯೂ ಮಗಳ ಸಂಗೀತ ಜೂನಿಯರ್ ಪರೀಕ್ಷೆಯವರೆಗೆ, ಹೆಚ್ಚೆಂದರೆ ಸೀನಿಯರ್‌ವರೆಗೆ. ಪಿಯುಸಿಯ ವಿಜ್ಞಾನ ಬಂದ ದಿನವೇ ತಂಬೂರಿ ಅಟ್ಟ ಸೇರುತ್ತದೆ. ಆಮೇಲೆ ನಾವೇ ಸಭೆ ಕೂಡಿಸಿ, ಕೇಳುವವರಿಲ್ಲವೆಂದು ಭಾಷಣ ಮಾಡುತ್ತೇವೆ.

ಈ ಸಭೆಗಳ ಬಗೆಗೂ ಒಂದು ಮಾತು. ಸರಕಾರದ್ದಾಗಲಿ ಸಂಘಗಳದ್ದಾಗಲಿ, ಇಂದಿನ ಉತ್ಸವದಲ್ಲಿ ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ನುಡಿ, ಅಧ್ಯಕ್ಷೀಯ ಭಾಷಣ, ಸನ್ಮಾನ ಎಲ್ಲ ಮುಗಿದ ಮೇಲೆ ಗವಾಯಿಗಳಿಗೆ ಅರ್ಧ ತಾಸು ಸಿಕ್ಕರೆ ಪುಣ್ಯ. ಷಡ್ಜ ನಿಲ್ಲುವಷ್ಟರಲ್ಲಿ ನಿರೂಪಕರು ಗಡಿಯಾರ ತೋರಿಸುತ್ತಾರೆ. ಹೊರಡುವಾಗ ಹಾಡುಗಾರರ ಹೆಗಲ ಮೇಲೆ ಒಂದು ಶಾಲು, ಕೈಯಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ಒಂದು ಸ್ಮರಣಿಕೆ.

ನಮ್ಮ ಪಕ್ಕದ ಪಟ್ಟದಕಲ್ಲಿನಲ್ಲಿ ಒಂದು ಶಾಸನವಿದೆ. ಎಂಟನೆಯ ಶತಮಾನದಲ್ಲಿ, ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ವಿಜಯಾದಿತ್ಯನ ಕಾಲದಲ್ಲಿ ಹಾಡುಗಾರರಿಗೆ ಕೊಟ್ಟಿದ್ದ ದತ್ತಿ ಮತ್ತು ಹಕ್ಕುಗಳನ್ನು ಸ್ಥಿರಪಡಿಸಿದಳೆಂದು ಅದು ಹೇಳುತ್ತದೆ. ವಿರೂಪಾಕ್ಷ ದೇವಾಲಯವನ್ನು ನೋಡಲು ಹೋದವರು ಗೋಪುರ ನೋಡಿ, ನಂದಿ ನೋಡಿ, ಪಟ ತೆಗೆದುಕೊಂಡು ಬರುತ್ತಾರೆ. ಈ ಬರಹವನ್ನು ಗಮನಿಸುವವರು ಕಡಿಮೆ. ಹಾಡುವವನ ಬದುಕಿಗೆ ಆಧಾರ ಬೇಕು, ಅದು ಒಬ್ಬ ಅರಸನ ಮರ್ಜಿಯೊಡನೆ ಮುಗಿಯಬಾರದು ಎಂಬುದು ಆ ರಾಣಿಗೆ ತಿಳಿದಿತ್ತು. ಅರಸೊತ್ತಿಗೆ ಮತ್ತೆ ಬೇಕೆಂದು ನಾನು ಹೇಳುತ್ತಿಲ್ಲ. ಅಂದು ದತ್ತಿ ಮಾಡಿದ ಕೆಲಸವನ್ನು ಪ್ರಜಾಪ್ರಭುತ್ವದಲ್ಲಿ ಮಾಡಬೇಕಾದದ್ದು ಶಾಲೆಯ ಸಂಬಳ. ಸರಕಾರ ಕಲಾವಿದರಿಗೆ ಮಾಸಾಶನ ಕೊಡುತ್ತಿಲ್ಲವೇ ಎನ್ನಬಹುದು. ಕೊಡುತ್ತಿದೆ, ಒಳ್ಳೆಯದು. ಆದರೆ ಮಾಸಾಶನ ವಯಸ್ಸಾಗಿ ಬಡತನದಲ್ಲಿರುವವರಿಗೆ ಸಲ್ಲುವ ನೆರವು. ಇಪ್ಪತ್ತೈದರ ಹರೆಯದಲ್ಲಿ ಆಶ್ರಮದಿಂದ ಸಂಗೀತ ಕಲಿತು ಹೊರಬಿದ್ದವನಿಗೆ ಬೇಕಾದದ್ದು ಕೆಲಸ. ಅವನಿಗೆ ಕೆಲಸವಿಲ್ಲ, ಮಕ್ಕಳಿಗೆ ಮಾಸ್ತರರಿಲ್ಲ. ಈ ಎರಡು ಇಲ್ಲಗಳನ್ನು ಕೂಡಿಸಲು ದೊಡ್ಡ ಪಾಂಡಿತ್ಯವೇನೂ ಬೇಕಿಲ್ಲ.

ಎರಡನೆಯ ಬೇಡಿಕೆ ರಾತ್ರಿಯದು. ಧ್ವನಿವರ್ಧಕವನ್ನು ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಳಸಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಉತ್ಸವಗಳಿಗಾಗಿ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ನಿಯಮ ಒಳ್ಳೆಯದೇ, ರೋಗಿಗಳಿಗೆ, ಓದುವ ಮಕ್ಕಳಿಗೆ ನಿದ್ದೆ ಬೇಕು. ಆದರೆ ಇದರಿಂದ ನಡುರಾತ್ರಿಯ ದರಬಾರಿ, ನಸುಕಿನ ಲಲಿತ ಬಯಲ ಚಪ್ಪರದ ಸಭೆಗಳಿಂದ ಹೊರಬಿದ್ದವು. ಇದಕ್ಕೆ ಕಾನೂನನ್ನು ಬೈದು ಫಲವಿಲ್ಲ. ಬೈಠಕ್ಕಿಗೆ ಧ್ವನಿವರ್ಧಕವೇ ಬೇಕಿಲ್ಲವಲ್ಲ! ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಸ್ಮರಣೆಯ ಅಹೋರಾತ್ರಿ ಸಂಗೀತ ನಡೆದು ಬಂದಿದೆ. ಮಠದ ಹಜಾರದಲ್ಲಿ ಒಂದು ನೂರು ಜನ, ಒಂದು ತಂಬೂರಿ, ಒಂದು ತಬಲಾ, ಒಂದು ಪೇಟಿ. ಬಾಗಿಲು ಮುಚ್ಚಿ ಹಾಡಿದರೆ ಯಾರ ನಿದ್ದೆಗೂ ಭಂಗವಿಲ್ಲ. ನಮ್ಮ ಜಿಲ್ಲೆಯಲ್ಲಿ ಮಠವಿಲ್ಲದ ಊರನ್ನು ಹುಡುಕಬೇಕು. ಅಲ್ಲಿ ಭಾಷಣ ಬೇಡ, ಸನ್ಮಾನ ಬೇಡ. ಹಾಡುಗಾರರಿಗೆ ಗೌರವದ ಸಂಭಾವನೆ, ಕುಳಿತವರಿಗೆ ನಡುವೆ ಒಂದು ಸಲ ಚಹಾ ಇದ್ದರೆ ಸಾಕು. ಮೊದಲ ವರ್ಷ ಅರ್ಧ ಜನ ಎದ್ದು ಹೋಗುತ್ತಾರೆ. ಹೋಗಲಿ. ಕೇಳುವುದು ಕೇಳಿಯೇ ಬರುವ ವಿದ್ಯೆ. ಈಜುವುದನ್ನು ದಂಡೆಯ ಮೇಲೆ ಕಲಿತವರಿಲ್ಲ.

ಹಾಗೆ ಮಾಡಿದರೆ ಎಲ್ಲರೂ ಶಾಸ್ತ್ರೀಯ ಸಂಗೀತದ ಭಕ್ತರಾಗುತ್ತಾರೆಯೇ? ಇಲ್ಲ, ಎಂದೂ ಆಗಿರಲಿಲ್ಲ. ಆರ್ಕೆಸ್ಟ್ರಾ ಕೇಳುವವರು ಕೇಳಲಿ, ಅದೂ ಸಂತೋಷವೇ. ನಾನು ಕೇಳುವುದು ಇಷ್ಟೇ: ಬೇಡವೆನ್ನುವ ಹಕ್ಕು ಒಮ್ಮೆಯಾದರೂ ಕೇಳಿದವನಿಗೆ ಇರಲಿ. ಕೇಳುವ ಅವಕಾಶವನ್ನೇ ಕೊಡದೆ, ಅವನ ಪರವಾಗಿ ‘ಅವನಿಗೆ ತಿಳಿಯುವುದಿಲ್ಲ’ ಎಂದು ಹೇಳುವ ಅಧಿಕಾರವನ್ನು ನಮಗೆ, ನಾಲ್ಕು ಅಕ್ಷರ ಹೆಚ್ಚು ಕಲಿತವರಿಗೆ, ಯಾರು ಕೊಟ್ಟರು?

ಈ ವರ್ಷದ ಜಾತ್ರೆಯ ಸಭೆ ಇನ್ನೂ ಕೂಡಬೇಕಾಗಿದೆ. ಅಲ್ಲಿ ನಾನು ಮೊದಲು ಎದ್ದು, ಹೋದ ವರ್ಷ ಆಡಿದ ಮಾತನ್ನು ಹಿಂತೆಗೆದುಕೊಳ್ಳಬೇಕೆಂದಿದ್ದೇನೆ. ಪೇಟಿಯ ಮುದುಕರಿಗೆ ಆ ಸುದ್ದಿ ಮುಟ್ಟಿದೆ. “ಮಾತು ಹಿಂದಕ್ಕ ತಗೊಳ್ಳೂದಾತು ಮಾಸ್ತರ, ಪಟ್ಟಿ ಎಷ್ಟು ಹಾಕ್ತೀರಿ?” ಎಂದು ಕೇಳಿ ಕಳಿಸಿದ್ದಾರೆ. ನ್ಯಾಯವಾದ ಪ್ರಶ್ನೆ. ಒಂದು ತಿಂಗಳ ಸಂಬಳದ ಕಾಲುಭಾಗ ಎಂದು ಹೇಳಿ ಕಳಿಸಿದ್ದೇನೆ. ವಾಚಕರಲ್ಲಿ ರಸಿಕರೆನಿಸಿಕೊಂಡವರು ತಮ್ಮ ತಮ್ಮ ಊರಿನ ಪಟ್ಟಿಯನ್ನು ಒಮ್ಮೆ ತರಿಸಿ ನೋಡಲಿ.